ದೂರು ಆ ಹುಡುಗಿಯ ಮೇಲಲ್ಲ, ರೋಟಾದ ಮೇಲೆ

ಸಂಪಾದಕರಿಗೆ,

ಮಾನ್ಯರೆ,

ಇಂಗ್ಲೆಂಡಿನಲ್ಲಿ ವಯಸ್ಸಾದವರನ್ನು ಸರ್ಕಾರವೇ ನೋಡಿಕೊಳ್ಳುತ್ತದೆ, ಹೊತ್ತು ಹೊತ್ತಿಗೆ ಮನೆಗೇ ಜನ ಬಂದು ಸ್ನಾನ ಮಾಡಿಸಿ, ಊಟ ಕೊಟ್ಟು, ಮಲಗಿಸಿ ಹೋಗುತ್ತಾರೆ, ಅದೂ ಪುಕ್ಕಟೆಯಾಗಿ ಎಂದು ನಿಮ್ಮ ಓದುಗರ ಅಂಕಣದಲ್ಲಿ ಹಿರಿಯರೊಬ್ಬರು ಬರೆದಿದ್ದರು. ಅದಕ್ಕೆ ಉತ್ತರವಾಗಿ ಇನ್ನೊಬ್ಬರು, ಅಲ್ಲಿಯ ವ್ಯವಸ್ಥೆಯೂ ಕೆಟ್ಟು ಕೂತಿದೆ, ದೂರು ಕೊಟ್ಟರೆ ಕೇಳುವವರೇ ಇಲ್ಲ ಎಂದು ಬರೆದರು. ಎರಡೂ ಪತ್ರಗಳನ್ನು ನಾನು ಓದಿದ್ದು ಮಿಡ್‌ಲ್ಯಾಂಡ್ಸ್‌ನ ಒಂದು ಊರಿನಲ್ಲಿ, ನನ್ನ ಅಕ್ಕನ ಮನೆಯಲ್ಲಿ. ಪುಕ್ಕಟೆ ಎಂಬುದು ಸುಳ್ಳು. ಕೇಳುವವರಿಲ್ಲ ಎಂಬುದೂ ಸುಳ್ಳೇ. ನಾನು ಕಂಡಷ್ಟನ್ನು ಬರೆಯುತ್ತೇನೆ. ಪತ್ರ ಉದ್ದವಾದರೆ ಕತ್ತರಿ ನಿಮ್ಮ ಕೈಯಲ್ಲಿದೆ.

ನಮ್ಮ ಭಾವ ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ವೈದ್ಯರಾಗಿ ಬಂದವರು. ಅವರು ತೀರಿಕೊಂಡ ಮೇಲೆ ಅಕ್ಕ ಒಬ್ಬಳೇ ಇದ್ದಳು. ಎಂಬತ್ತು ದಾಟಿದ ಮೇಲೆ ಪಾರ್ಶ್ವವಾಯುವಾಗಿ ಎಡಗೈ, ಎಡಗಾಲು ಸೋತವು. ಆಸ್ಪತ್ರೆಯಿಂದ ಮನೆಗೆ ಕಳುಹಿಸುವ ಮುನ್ನ ಇಲ್ಲಿಯ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನ ಸೋಷಿಯಲ್ ವರ್ಕರ್ ಬಂದು ಆಕೆಗೆ ಯಾವ ಯಾವ ಕೆಲಸಕ್ಕೆ ಸಹಾಯ ಬೇಕೆಂದು ವಿಚಾರಿಸಿ ಬರೆದುಕೊಂಡರು. ಇದು 2014ರ ಕೇರ್ ಆ್ಯಕ್ಟ್ ಪ್ರಕಾರ ಇಂಗ್ಲೆಂಡಿನ ಪ್ರತಿಯೊಂದು ಕೌನ್ಸಿಲ್ ಮಾಡಲೇಬೇಕಾದ ಕೆಲಸ. ಕೇಳಿದವರ ಬಳಿ ಹಣವಿದೆಯೋ ಇಲ್ಲವೋ ಎಂದು ಮೊದಲೇ ನೋಡಿ ವಾಪಸು ಕಳುಹಿಸುವಂತಿಲ್ಲ. ಹಣದ ವಿಚಾರಣೆ ನಂತರದ್ದು. ಕೈಯಲ್ಲಿ 23,250 ಪೌಂಡ್‌ಗಿಂತ ಹೆಚ್ಚು ಉಳಿತಾಯವಿದ್ದರೆ ಆರೈಕೆಯ ಪೂರ್ತಿ ವೆಚ್ಚ ನಮ್ಮದೇ. 14,250ಕ್ಕಿಂತ ಕಡಿಮೆಯಿದ್ದರೆ ಉಳಿತಾಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದಾಯಕ್ಕೆ ತಕ್ಕಂತೆ ಒಂದು ಪಾಲು ಕಟ್ಟಬೇಕು. ಈ ಎರಡು ಅಂಕಿಗಳು 2010ರಿಂದ ಒಂದು ಪೌಂಡ್ ಕೂಡ ಮೇಲೇರಿಲ್ಲ. ಅಂಗಡಿಯಲ್ಲಿ ಎಲ್ಲದರ ಬೆಲೆಯೂ ಏರಿದೆ, ಇದು ಮಾತ್ರ ಏರಿಲ್ಲ. ಮನೆಯಲ್ಲೇ ಆರೈಕೆ ಪಡೆಯುವವರಿಗೆ ವಾಸದ ಮನೆಯ ಬೆಲೆಯನ್ನು ಸೇರಿಸುವುದಿಲ್ಲ ಎಂಬುದೊಂದೇ ಸಮಾಧಾನ. ಭಾವ ಬಿಟ್ಟುಹೋದ ಉಳಿತಾಯವಿದ್ದುದರಿಂದ ಅಕ್ಕ ಪೂರ್ತಿ ಹಣ ಕಟ್ಟುವವರ ಪಟ್ಟಿಗೆ ಸೇರಿದಳು. ಆದರೂ ಕೇರರ್‌ಗಳನ್ನು, ಎಂದರೆ ಮನೆಗೆ ಬಂದು ಆರೈಕೆ ಮಾಡುವವರನ್ನು, ಕಳುಹಿಸುವ ಖಾಸಗಿ ಏಜೆನ್ಸಿಯನ್ನು ಗೊತ್ತುಮಾಡಿಕೊಟ್ಟದ್ದು ಕೌನ್ಸಿಲ್, ಬಿಲ್ಲು ಕಳುಹಿಸುವುದೂ ಕೌನ್ಸಿಲ್.

ಯೋಜನೆಯ ಪ್ರಕಾರ ದಿನಕ್ಕೆ ನಾಲ್ಕು ಭೇಟಿ: ಬೆಳಗ್ಗೆ 45 ನಿಮಿಷ, ಉಳಿದ ಮೂರೂ ಅರ್ಧರ್ಧ ಗಂಟೆ. ನಾನು ನಿವೃತ್ತಿಯಾಗುವವರೆಗೂ ಲೆಕ್ಕಪತ್ರ ವಿಭಾಗದಲ್ಲಿ ದುಡಿದವನು. ಬಿಲ್ಲು ಕಂಡರೆ ಕೂಡಿಸಿ ನೋಡದೆ ಇರಲಾರೆ. ಬಿಲ್ಲಿನಲ್ಲಿ ಪ್ರತಿ ಭೇಟಿಯೂ ನಿಗದಿಯಾದಷ್ಟೇ ನಿಮಿಷ ನಡೆದಿತ್ತು, ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಷ್ಟು ದುಂಡಾದ ಅಂಕಿಗಳನ್ನು ಕಂಡರೆ ಯಾವ ಗುಮಾಸ್ತನಿಗಾದರೂ ಅನುಮಾನ ಬರಬೇಕು. ಅಕ್ಕನ ಹಾಸಿಗೆಯ ಪಕ್ಕದ ಫೈಲಿನಲ್ಲಿ ಕೇರರ್‌ಗಳು ತಾವು ಬಂದ ಹೊತ್ತು, ಹೋದ ಹೊತ್ತು ಬರೆಯುತ್ತಿದ್ದರು. ಅದನ್ನೂ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮಧ್ಯಾಹ್ನದ ಅರ್ಧ ಗಂಟೆ ಬಹಳ ದಿನ ಹದಿನೈದು, ಹದಿನೆಂಟು ನಿಮಿಷಕ್ಕೆ ಮುಗಿದಿತ್ತು. ರಾತ್ರಿ ಎಂಟೂವರೆಗೆ ಬರಬೇಕಾದವರು ಕೆಲವು ದಿನ ಏಳಕ್ಕೇ ಬಂದು ಅಕ್ಕನನ್ನು ಮಲಗಿಸಿ ಹೋಗಿದ್ದರು. ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಹೊರಗೆ ಬಿಸಿಲಿರುವಾಗಲೇ ಆಕೆ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳು.

"ದೂರು ಬೇಡ ಕಣೋ" ಎಂದಳು ಅಕ್ಕ. "ಪಾಪ, ಆ ಹುಡುಗಿಯ ಕೆಲಸ ಹೋದೀತು."

ಹೆಚ್ಚಾಗಿ ಬರುತ್ತಿದ್ದ ಆ ಹುಡುಗಿ ಕೇರಳದವಳು. ಅಕ್ಕನಿಗೆ ಮಲಯಾಳ ಅಷ್ಟಿಷ್ಟು ಅರ್ಥವಾಗುತ್ತಿತ್ತು, ಆಕೆಗೆ ಅಕ್ಕನ ಕನ್ನಡ ಅಷ್ಟಿಷ್ಟು. ಹೊರದೇಶದ ಕೇರರ್‌ಗಳಿಗೆ ಬ್ರಿಟಿಷ್ ಸರ್ಕಾರ 2022ರ ಫೆಬ್ರವರಿಯಲ್ಲಿ ತೆರೆದ ವೀಸಾದಲ್ಲಿ ಬಂದವಳು ಆಕೆ; ಹೊರದೇಶದಿಂದ ಹೊಸಬರನ್ನು ಕರೆಸುವ ಆ ದಾರಿಯನ್ನು 2025ರ ಜುಲೈನಲ್ಲಿ ಮುಚ್ಚಿಬಿಟ್ಟರು. ಈ ವೀಸಾ ಕೆಲಸ ಕೊಟ್ಟ ಕಂಪನಿಗೆ ಕಟ್ಟಿದ್ದು. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನಗಳಲ್ಲಿ ಇನ್ನೊಬ್ಬ ಮಾಲೀಕನನ್ನು ಹುಡುಕಿಕೊಳ್ಳಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಹಾಗಾಗಿ ಅಕ್ಕನ ಭಯ ಬರೀ ಮೆದು ಮನಸ್ಸಿನ ಭಯವಾಗಿರಲಿಲ್ಲ.

ಒಂದು ಮಧ್ಯಾಹ್ನ ಆ ಹುಡುಗಿಯನ್ನೇ ಕೇಳಿದೆ, ಯಾಕಮ್ಮ ಇಷ್ಟು ಅವಸರ ಎಂದು. ಆಕೆ ಫೋನಿನಲ್ಲಿದ್ದ ತನ್ನ ಆ ದಿನದ ರೋಟಾ, ಎಂದರೆ ಯಾವ ಮನೆಗೆ ಎಷ್ಟು ಹೊತ್ತಿಗೆ ಹೋಗಬೇಕೆಂಬ ಪಟ್ಟಿ, ತೋರಿಸಿದಳು. ಅಕ್ಕನ ಭೇಟಿ 12.30ರಿಂದ 1.00. ಮುಂದಿನ ಮನೆ, ಊರಿನ ಆ ತುದಿಯಲ್ಲಿ, 1.00ರಿಂದ 1.30. ನಡುವೆ ಒಂದು ನಿಮಿಷವೂ ಇಲ್ಲ. ಬಸ್ಸಿನಲ್ಲಿ ಅಲ್ಲಿಗೆ ಹೋಗಲು ಕಾಲು ಗಂಟೆಗೂ ಹೆಚ್ಚು ಬೇಕು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹೊತ್ತನ್ನೂ ಕನಿಷ್ಠ ವೇತನದ ಲೆಕ್ಕಕ್ಕೆ ಹಿಡಿಯಬೇಕೆಂದು ಇಲ್ಲಿಯ ಕಾನೂನು ಹೇಳುತ್ತದೆ. ರೋಟಾದಲ್ಲಿ ಆ ಹೊತ್ತೇ ಇಲ್ಲದಿದ್ದರೆ ಯಾರಿಗೋ ಮೋಸವಾಗಲೇಬೇಕು: ಒಂದೋ ಅಕ್ಕನಿಗೆ, ಇಲ್ಲವೇ ಆ ಹುಡುಗಿಗೆ, ಬಹುಶಃ ಇಬ್ಬರಿಗೂ. ಹಾಗಾದರೆ ದೂರು ಯಾರ ಮೇಲೆ ಎಂಬುದು ಅಲ್ಲಿಗೆ ತೀರ್ಮಾನವಾಯಿತು. ಅಕ್ಕನ ಸಹಿ ಹಾಕಿಸಿಕೊಂಡೆ, ಆಕೆಯ ಪರವಾಗಿ ನಾನು ಮಾತಾಡಬಹುದೆಂದು. ಕಾಗದದ ಮೊದಲ ಸಾಲಿನಲ್ಲೇ ಬರೆದೆ: ಈ ದೂರು ಯಾವ ಕೇರರ್ ಮೇಲೂ ಅಲ್ಲ, ಪ್ರಯಾಣದ ಸಮಯವಿಲ್ಲದ ರೋಟಾದ ಮೇಲೆ, ನಡೆಯದ ನಿಮಿಷಗಳಿಗೆ ಹಣ ಕೇಳುವ ಬಿಲ್ಲಿನ ಮೇಲೆ.

ಇದಕ್ಕೂ ಮೊದಲು ಫೋನ್ ಮಾಡಿ ಹೇಳಿದ್ದುಂಟು. ಕೌನ್ಸಿಲ್‌ನವರು ಏಜೆನ್ಸಿಯನ್ನು ಕೇಳಿ ಎಂದರು. ಏಜೆನ್ಸಿಯವರು ನಿಮಿಷಗಳನ್ನು ನಿಗದಿ ಮಾಡುವುದು ಕೌನ್ಸಿಲ್, ಅವರನ್ನೇ ಕೇಳಿ ಎಂದರು. ಈ ಆಟ ಎಷ್ಟು ದಿನ ಬೇಕಾದರೂ ನಡೆಯಬಲ್ಲದು. ಅದನ್ನು ನಿಲ್ಲಿಸುವ ಒಂದು ಸರಳ ನಿಯಮವಿದೆ, ಅದು ಇಲ್ಲಿರುವ ನಮ್ಮ ಎಷ್ಟೋ ಮಂದಿಗೆ ಗೊತ್ತಿಲ್ಲ. ಕೌನ್ಸಿಲ್ ತನ್ನ ಪರವಾಗಿ ಖಾಸಗಿ ಏಜೆನ್ಸಿಯಿಂದ ಸೇವೆ ಕೊಡಿಸಿದರೆ, ಆ ಏಜೆನ್ಸಿಯ ತಪ್ಪು ಕೌನ್ಸಿಲ್‌ನ ತಪ್ಪೇ. ಕೆಲಸವನ್ನು ಹೊರಗೆ ಕೊಡಬಹುದು, ಹೊಣೆಯನ್ನು ಕೊಡಲಾಗದು. ನನ್ನ ಕಾಗದದ ಎರಡನೆಯ ಸಾಲು ಅದು.

ದೂರಿನ ವಿಧಾನವೂ ಬರಹದಲ್ಲಿದೆ, 2009ರ ನಿಯಮಾವಳಿಯಲ್ಲಿ. ಬಾಯಿಮಾತಿನಲ್ಲಿ ಹೇಳಿದರೂ ದೂರು ದೂರೇ. ಮರು ಕೆಲಸದ ದಿನದೊಳಗೆ ಬಗೆಹರಿಯದಿದ್ದರೆ ಅದನ್ನು ಬರೆದುಕೊಂಡು ಒಂದು ಪ್ರತಿಯನ್ನು ನಮಗೆ ಕೊಡಬೇಕು. ಮುಟ್ಟಿದ 3 ಕೆಲಸದ ದಿನಗಳೊಳಗೆ ಮುಟ್ಟಿದೆ ಎನ್ನಬೇಕು. ಹೇಗೆ ವಿಚಾರಿಸುತ್ತೇವೆ, ಎಷ್ಟು ಕಾಲ ಹಿಡಿಯುತ್ತದೆ ಎಂದು ದೂರುದಾರರೊಡನೆ ಮಾತಾಡಬೇಕು. 6 ತಿಂಗಳು ಮೀರಿದರೆ ಏಕೆ ಮೀರಿತೆಂದು ಬರೆದು ತಿಳಿಸಬೇಕು. ನಾವು ಮಾತ್ರ ಘಟನೆ ನಡೆದ ಅಥವಾ ನಮಗೆ ತಿಳಿದ 12 ತಿಂಗಳೊಳಗೆ ಎದ್ದು ನಿಲ್ಲಬೇಕು. ಫೋನಿನಲ್ಲಿ ಹೇಳಿ ಸುಮ್ಮನಾದವರ ಮಾತು ಎಲ್ಲೂ ದಾಖಲಾಗದೆ ಗಾಳಿಗೆ ಹೋಗುತ್ತದೆ. ಹಾಗಾಗದಂತೆ "ಇದನ್ನು ದೂರೆಂದು ದಾಖಲಿಸಿಕೊಳ್ಳಿ" ಎಂಬ ಮಾತನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಕೆಟ್ಟ ಮಾತೇನಲ್ಲ ಅದು.

ಬಂದ ಮೊದಲ ಉತ್ತರ ಸೌಜನ್ಯದಿಂದ ಕೂಡಿತ್ತು, ಅದರಲ್ಲಿ ಹುರುಳಿರಲಿಲ್ಲ. ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ಸಂಬಂಧಪಟ್ಟ ಕೇರರ್‌ಗೆ ಹೆಚ್ಚಿನ ತರಬೇತಿ ಕೊಡಲಾಗುವುದು. ಸದ್ಭಾವನೆಯ ಸಂಕೇತವಾಗಿ ಇಷ್ಟು ಪೌಂಡ್ ಕಡಿತ. ನನಗೆ ಸಿಟ್ಟು ಬಂದದ್ದು ಆ ತರಬೇತಿಯ ಮಾತಿಗೆ. ಕೇರರ್ ಮೇಲಲ್ಲ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೆನಲ್ಲ! ಇಪ್ಪತ್ತು ನಿಮಿಷದ ದಾರಿಯನ್ನು ಸೊನ್ನೆ ನಿಮಿಷದಲ್ಲಿ ಕ್ರಮಿಸುವುದು ಹೇಗೆಂದು ಯಾವ ತರಬೇತಿಯಲ್ಲಿ ಕಲಿಸುತ್ತಾರೆ? ಆಮೇಲೆ ಇಂಥ ಬೇರೆ ಪ್ರಕರಣಗಳನ್ನು ಓದುತ್ತಾ ಹೋದಂತೆ ಇದು ಅವರ ಕುಹಕವಲ್ಲ, ಅಭ್ಯಾಸ ಎಂದು ತಿಳಿಯಿತು. ಯಾವ ಕಚೇರಿಗಾದರೂ ತರಬೇತಿ ಕೊಡಿಸುವುದು ಸುಲಭ, ರೋಟಾ ಬದಲಿಸುವುದು ದುಬಾರಿ. ಪ್ರಯಾಣದ ಸಮಯ ಸೇರಿಸಿದರೆ ಅದೇ ಕೆಲಸಕ್ಕೆ ಇನ್ನೊಬ್ಬ ಕೇರರ್ ಬೇಕಾಗುತ್ತಾರೆ. ಆ ಖರ್ಚನ್ನು ಯಾರೂ ತಾವಾಗಿ ಮುಂದೆ ಬಂದು ಹೊರುವುದಿಲ್ಲ. ಹಾಗಾಗಿ ಕೌನ್ಸಿಲ್ ಕಡಿತದ ಹಣ ಕೊಟ್ಟಿತೆಂದು ಸಂತೋಷಪಟ್ಟು ಫೈಲು ಮುಚ್ಚುವವರನ್ನು ಕಂಡರೆ ನನಗೆ ಬೇಸರವೇ. ಹಣ ಆ ಮನೆಗೆ ಬರುತ್ತದೆ, ರೋಟಾ ಹಾಗೇ ಉಳಿಯುತ್ತದೆ, ಮುಂದಿನ ತಿಂಗಳು ಬೇರೆ ಮನೆಯ ಮುದುಕಿ ಏಳು ಗಂಟೆಗೆ ಹಾಸಿಗೆ ಸೇರುತ್ತಾಳೆ.

ಕೌನ್ಸಿಲ್‌ನ ಕೊನೆಯ ಉತ್ತರ ಒಪ್ಪಿಗೆಯಾಗದಿದ್ದರೆ ಮುಂದಿನ ಬಾಗಿಲು ಇಂಥ ದೂರುಗಳನ್ನು ಸ್ವತಂತ್ರವಾಗಿ ತನಿಖೆ ಮಾಡುವ ಒಂಬುಡ್ಸ್‌ಮನ್‌ರದ್ದು. ಲೋಕಲ್ ಗವರ್ನಮೆಂಟ್ ಅಂಡ್ ಸೋಷಿಯಲ್ ಕೇರ್ ಒಂಬುಡ್ಸ್‌ಮನ್ ಎಂದು ಪೂರ್ತಿ ಹೆಸರು. 1974ರ ಕಾನೂನಿನಿಂದ ಹುಟ್ಟಿದ ಸ್ಥಾನ, ಕಚೇರಿ ಕೊವೆಂಟ್ರಿಯಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಕೌನ್ಸಿಲ್‌ನ ನೆರವಿಲ್ಲದೆ ಸ್ವಂತ ಹಣದಿಂದಲೇ ಆರೈಕೆ ಕೊಂಡುಕೊಂಡವರೂ 2010ರಿಂದ ಅಲ್ಲಿಗೆ ಹೋಗಬಹುದು. ಇಲ್ಲಿ ಕೇರ್ ಕ್ವಾಲಿಟಿ ಕಮಿಷನ್ ಎಂಬ ಇನ್ನೊಂದು ಸಂಸ್ಥೆಯಿದೆ. ಅದು ಏಜೆನ್ಸಿ ಮತ್ತು ಆರೈಕೆ ಮನೆಗಳನ್ನು ತಪಾಸಣೆ ಮಾಡುತ್ತದೆ, 2023ರಿಂದ ಕೌನ್ಸಿಲ್‌ಗಳ ಕೆಲಸವನ್ನೂ ಅಳೆಯುತ್ತಿದೆ. ಆದರೆ ಒಬ್ಬೊಬ್ಬರ ದೂರನ್ನು ಅದು ಬಗೆಹರಿಸುವುದಿಲ್ಲ. ಅಲ್ಲಿಗೆ ಬರೆದು ವರ್ಷವಿಡೀ ಕಾದವರಿದ್ದಾರೆ. ಮಾಹಿತಿ ಕೊಡುವುದಿದ್ದರೆ ಅಲ್ಲಿಗೆ, ನ್ಯಾಯ ಬೇಕಿದ್ದರೆ ಒಂಬುಡ್ಸ್‌ಮನ್‌ಗೆ.

ಆರೈಕೆಯ ವಿಷಯದಲ್ಲಿ ಒಂಬುಡ್ಸ್‌ಮನ್ ಪೂರ್ತಿ ತನಿಖೆ ಮಾಡಿದ ದೂರುಗಳಲ್ಲಿ ಈಚಿನ ವರ್ಷಗಳಲ್ಲಿ ಹತ್ತಕ್ಕೆ ಸುಮಾರು ಏಳೆಂಟರಲ್ಲಿ ದೂರುದಾರರ ಮಾತೇ ಸರಿ ಎಂದು ಕಂಡುಬಂದಿದೆ. ಅವರ ಶಿಫಾರಸುಗಳಿಗೆ ನ್ಯಾಯಾಲಯದ ಆದೇಶದ ಬಲವಿಲ್ಲ. ಹಾಗಿದ್ದೂ ಹೆಚ್ಚುಕಮ್ಮಿ ಎಲ್ಲ ಕೌನ್ಸಿಲ್‌ಗಳೂ ಅವುಗಳನ್ನು ಒಪ್ಪುತ್ತವೆ. ಏಕೆಂದರೆ ವಿಷಯ ಗಂಭೀರವಾಗಿದ್ದರೆ ಒಂಬುಡ್ಸ್‌ಮನ್ ಬಹಿರಂಗ ವರದಿ ಹೊರಡಿಸಬಲ್ಲರು. ಆಗ ಕೌನ್ಸಿಲ್ ತನ್ನ ಮೇಲಿನ ಆ ವರದಿಯ ಬಗ್ಗೆ ತಾನೇ ಹಣ ಕೊಟ್ಟು ಪತ್ರಿಕೆಗಳಲ್ಲಿ ಪ್ರಕಟಣೆ ಹಾಕಿಸಬೇಕು. ಪತ್ರಿಕೆಯವರಾದ ನಿಮಗೆ ಈ ವಿವರ ಖುಷಿ ಕೊಡಬಹುದು.

ನಮ್ಮ ಪ್ರಕರಣದಲ್ಲಿ ಒಂಬುಡ್ಸ್‌ಮನ್‌ರ ತನಿಖಾಧಿಕಾರಿ ಮೊದಲು ತರಿಸಿಕೊಂಡದ್ದು ಕೇರರ್‌ಗಳು ಬರುವಾಗ, ಹೋಗುವಾಗ ಫೋನಿನಲ್ಲಿ ದಾಖಲಿಸುವ ಸಮಯದ ಪಟ್ಟಿಯನ್ನು. ಅದು ಏಜೆನ್ಸಿಯ ಬಳಿ ಮೊದಲಿನಿಂದಲೂ ಇತ್ತು. ಕೌನ್ಸಿಲ್‌ಗೂ ಅದನ್ನು ನೋಡುವ ಹಕ್ಕಿತ್ತು, ಒಪ್ಪಂದದಲ್ಲೇ ಬರೆದಿತ್ತು. ಯಾರೂ ತೆರೆದು ನೋಡಿರಲಿಲ್ಲ, ಅಷ್ಟೇ. ನನ್ನ ಕೈಬರಹದ ಪಟ್ಟಿಗೂ ಅದಕ್ಕೂ ಅಲ್ಲಲ್ಲಿ ಒಂದೆರಡು ನಿಮಿಷದ ವ್ಯತ್ಯಾಸವಿತ್ತು. ಒಟ್ಟಿನಲ್ಲಿ ಎರಡೂ ಹೇಳಿದ ಕಥೆ ಒಂದೇ.

ತೀರ್ಪಿನಲ್ಲಿ ಅಕ್ಕನಿಗೆ ಸಿಕ್ಕಿದ್ದು ಕ್ಷಮಾಪಣೆಯ ಕಾಗದ, ನಡೆಯದ ನಿಮಿಷಗಳ ಹಣ, ಪಟ್ಟ ಪಾಡಿಗೆಂದು ಒಂದು ಸಣ್ಣ ಮೊತ್ತ. ಸಣ್ಣದೇ, ಇಲ್ಲಿ ಇಂಥ ಮೊತ್ತಗಳು ಸಾಂಕೇತಿಕ, ಕೋರ್ಟಿನ ಪರಿಹಾರದಂತಲ್ಲ. ಲಾಟರಿ ಹೊಡೆಯುತ್ತದೆಂದು ಯಾರೂ ಈ ದಾರಿ ಹಿಡಿಯಬೇಡಿ. ನಾನು ಎರಡೆರಡು ಸಲ ಓದಿದ್ದು ಅದರ ಕೆಳಗಿನ ಭಾಗವನ್ನು. ಕೌನ್ಸಿಲ್ ಇನ್ನು ಮುಂದೆ ಪೂರ್ತಿ ಹಣ ಕಟ್ಟುವವರಿಗೆ ನಿಜವಾಗಿ ನಡೆದ ಭೇಟಿಯ ದಾಖಲೆ ನೋಡಿ ಬಿಲ್ಲು ಮಾಡಬೇಕು. ಆ ಏಜೆನ್ಸಿಯ ರೋಟಾಗಳಲ್ಲಿ ಪ್ರಯಾಣದ ಸಮಯವಿದೆಯೇ ಎಂದು ಪರಿಶೀಲಿಸಬೇಕು. ಅದೇ ಏಜೆನ್ಸಿಯ ಸೇವೆ ಪಡೆದು ಪೂರ್ತಿ ಹಣ ಕಟ್ಟಿದ ಇತರರ ಲೆಕ್ಕವನ್ನೂ ತೆಗೆದು ನೋಡಿ, ಹೆಚ್ಚು ವಸೂಲಿಯಾಗಿದ್ದರೆ ಅವರು ಕೇಳದಿದ್ದರೂ ಹಿಂದಿರುಗಿಸಬೇಕು. ಇಷ್ಟನ್ನೂ ಮಾಡಿದ್ದಕ್ಕೆ ಗೊತ್ತಾದ ಗಡುವಿನೊಳಗೆ ಒಂಬುಡ್ಸ್‌ಮನ್‌ಗೆ ಪುರಾವೆ ಕಳುಹಿಸಬೇಕು. ಒಬ್ಬರ ದೂರಿನ ವಿಚಾರಣೆಯಲ್ಲಿ ಬೇರೆಯವರಿಗೂ ಅನ್ಯಾಯವಾಗಿರುವ ಸುಳಿವು ಸಿಕ್ಕರೆ ಅದರ ಬೆನ್ನು ಹತ್ತುವ ಅಧಿಕಾರ ಅವರಿಗಿದೆ. ಈ ಅಧಿಕಾರವನ್ನು ಕೊಟ್ಟವರು ಯಾರೋ, ಅವರಿಗೆ ನನ್ನ ನಮಸ್ಕಾರ.

ಇದಾದ ಕೆಲವು ತಿಂಗಳ ಮೇಲೆ ನಡೆದದ್ದನ್ನು ಹೇಳಲೇಬೇಕು. ಎರಡು ಬೀದಿಯಾಚೆ ಇರುವ ಒಬ್ಬ ಗುಜರಾತಿ ವೃದ್ಧೆ, ಅಕ್ಕನ ಹಳೆಯ ಪರಿಚಯ, ನನಗೆ ಫೋನ್ ಮಾಡಿದರು. ಕೌನ್ಸಿಲ್ ಹೆಸರಿನಲ್ಲಿ ಒಂದು ಕಾಗದ ಬಂದಿದೆ, ನಿಮ್ಮ ಖಾತೆಗೆ ಹಣ ಹಾಕುತ್ತೇವೆ ಎನ್ನುತ್ತದೆ, ಖಂಡಿತ ಮೋಸಗಾರರದ್ದು, ಹರಿದುಹಾಕಲೇ ಎಂದರು. ತಡೆಯಿರಿ ಎಂದು ಹೋಗಿ ನೋಡಿದೆ. ಅಸಲಿ ಕಾಗದ. ಏಜೆನ್ಸಿ ಅದೇ. ನಡೆಯದ ನಿಮಿಷಗಳ ಹಣ ವಾಪಸು ಬಂದಿತ್ತು; ಅಕ್ಕನಿಗೆ ಬಂದದ್ದಕ್ಕಿಂತ ಜಾಸ್ತಿ! ಆಕೆ ಒಮ್ಮೆಯೂ ಗೊಣಗಿದವರಲ್ಲ. ಕೌನ್ಸಿಲ್‌ನವರು ಬಹಳ ಒಳ್ಳೆಯವರು ಎಂದು ಆಕೆ ಇಂದಿಗೂ ಎಲ್ಲರಿಗೂ ಹೇಳುತ್ತಾರೆ. ನಾನು ತಿದ್ದಲು ಹೋಗಿಲ್ಲ.

ದೂರಿನಲ್ಲಿ ಇನ್ನೊಂದು ಅಂಶವಿತ್ತು. ಅದು ಹಣದ್ದಲ್ಲ, ಬರೆಯಲು ಸ್ವಲ್ಪ ಸಂಕೋಚ. ಪಾರ್ಶ್ವವಾಯುವಿನ ಮೇಲೆ ಅಕ್ಕನ ಇಂಗ್ಲಿಷ್ ಹಿಂದೆ ಸರಿದು ಕನ್ನಡ ಮುಂದೆ ಬಂತು. ದಣಿದಾಗಲಂತೂ ಕನ್ನಡ ಬಿಟ್ಟು ಬೇರೆ ಬರುವುದೇ ಇಲ್ಲ. ಆಸ್ಪತ್ರೆಯಲ್ಲಿ ಸೋಷಿಯಲ್ ವರ್ಕರ್ ಪ್ರಶ್ನೆ ಕೇಳುವಾಗ ದುಭಾಷಿಯಿರಲಿಲ್ಲ. ತಮ್ಮ ಇದ್ದಾರಲ್ಲ, ಅವರೇ ಹೇಳಲಿ ಎಂದರು. ಊಟ, ಔಷಧ, ಬಟ್ಟೆ ಎಲ್ಲ ಆಯಿತು. ಶೌಚದ ವಿಷಯ ಬಂದಾಗ ಅಕ್ಕ ನನ್ನ ಮುಖ ನೋಡಿ, "ಅದೆಲ್ಲ ನಾನೇ ನೋಡಿಕೊಳ್ಳುತ್ತೇನೆ" ಎಂದಳು. ನಾನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ, ಅವರು ಹಾಗೆಯೇ ಬರೆದುಕೊಂಡರು. ತಮ್ಮನ ಎದುರು ಬೇರೆ ಏನು ಹೇಳಿಯಾಳು? ರಾತ್ರಿ ಆ ಸಹಾಯವಿಲ್ಲದೆ ಆಕೆ ಪಟ್ಟ ಕಷ್ಟ ಹೊರಗೆ ಬಂದದ್ದು ನನ್ನ ಹೆಂಡತಿ ಊರಿಂದ ಬಂದು ಕೆಲವು ದಿನ ಜೊತೆಯಲ್ಲಿದ್ದ ಮೇಲೆ.

ವಿಚಾರಣೆಗೆ ಒಳಗಾಗುವ ವ್ಯಕ್ತಿ ತಾನೇ ಆದಷ್ಟು ಚೆನ್ನಾಗಿ ಅದರಲ್ಲಿ ಪಾಲ್ಗೊಳ್ಳುವಂತೆ ನೋಡಿಕೊಳ್ಳಬೇಕು ಎನ್ನುತ್ತವೆ ಕೇರ್ ಆ್ಯಕ್ಟ್ ಕೆಳಗಿನ ನಿಯಮಗಳು. ಮನೆಯವರನ್ನೇ ದುಭಾಷಿ ಮಾಡಿದರೆ ಪಾಲ್ಗೊಂಡದ್ದು ಮನೆಯವರಾಗುತ್ತಾರೆ. ಈ ಭಾಗವನ್ನು ಒಂಬುಡ್ಸ್‌ಮನ್ ತನಕ ಒಯ್ಯಬೇಕಾಗಲಿಲ್ಲ. ಕೌನ್ಸಿಲ್‌ನ ದೂರು ವಿಭಾಗದ ಅಧಿಕಾರಿ, ನಡುವಯಸ್ಸಿನ ಒಬ್ಬ ಹೆಂಗಸು, ಓದಿದ ಕೂಡಲೇ ಫೋನ್ ಮಾಡಿ, ಇದು ನಮ್ಮಿಂದ ಆಗಬಾರದಿತ್ತು ಎಂದರು. ಫೋನಿನ ಮೂಲಕ ಕನ್ನಡ ಬಲ್ಲ ಮಹಿಳಾ ದುಭಾಷಿಯೊಬ್ಬರನ್ನು ಗೊತ್ತುಮಾಡಿದರು. ಆ ದಿನ ನನ್ನನ್ನು ಕೋಣೆಯಿಂದ ಹೊರಗೆ ಕಳುಹಿಸಿದರು. ಒಳಗೆ ಬಹಳ ಹೊತ್ತು ಮಾತು ನಡೆಯಿತು. ಏನು ಮಾತು ಎಂದು ನಾನು ಕೇಳಿಲ್ಲ. ರಾತ್ರಿಯ ಭೇಟಿ ಅರ್ಧ ಗಂಟೆಯಿಂದ 45 ನಿಮಿಷವಾಯಿತು, ಹೊತ್ತು ಒಂಬತ್ತಕ್ಕೆ ಬದಲಾಯಿತು, ಆ ಭೇಟಿಗೆ ಹೆಂಗಸರೇ ಬರಬೇಕೆಂದು ಯೋಜನೆಯಲ್ಲಿ ಬರೆದರು. ಅಕ್ಕನ ಬಿಲ್ಲು ಸ್ವಲ್ಪ ಏರಿತು. ಏರಲಿ.

ಅಷ್ಟಕ್ಕೇ ನಿಂತಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಆ ಅಧಿಕಾರಿ ವಿಚಾರಣೆಯ ನಮೂನೆಗೇ ಎರಡು ಪ್ರಶ್ನೆ ಸೇರಿಸುವಂತೆ ಮಾಡಿದರು: ಈ ವ್ಯಕ್ತಿ ಯಾವ ಭಾಷೆಯಲ್ಲಿ ಸಲೀಸಾಗಿ ಮಾತಾಡುತ್ತಾರೆ, ಮನೆಯವರಲ್ಲದ ದುಭಾಷಿ ಬೇಕೇ. ಇವೆರಡನ್ನು ತುಂಬದೆ ಕಂಪ್ಯೂಟರು ಮುಂದಿನ ಪುಟಕ್ಕೆ ಬಿಡುವುದಿಲ್ಲವಂತೆ. ಪೋಲಿಷ್, ಪಂಜಾಬಿ, ಸೊಮಾಲಿ ಮಾತಾಡುವ ಯಾರ್ಯಾರಿಗೋ ಇದರಿಂದ ಉಪಯೋಗವಾಗಿರಬೇಕು.

ಎಲ್ಲವೂ ಸರಿಹೋಯಿತೆಂದು ಹೇಳಿದರೆ ತಪ್ಪಾಗುತ್ತದೆ. ವರ್ಷದ ಮರುಪರಿಶೀಲನೆಗೆ ಬಂದ ಹೊಸ ಸೋಷಿಯಲ್ ವರ್ಕರ್ ಬಾಗಿಲಲ್ಲೇ, "ನೀವೇ ದುಭಾಷಿ ಅಲ್ಲವೇ?" ಎಂದು ನನ್ನನ್ನು ಕೇಳಿದರು. ನಮೂನೆ ತೆರೆದು ನೋಡಿ ಎಂದೆ. ನೋಡಿ, ನಾಚಿ, ಬೇರೆ ದಿನ ಗೊತ್ತುಮಾಡಿಕೊಂಡು ಹೋದರು. ಇಲ್ಲಿ ಸಿಬ್ಬಂದಿ ಬಹಳ ಬೇಗ ಬದಲಾಗುತ್ತಾರೆ; ಕಲಿತವರು ಹೋಗುತ್ತಾರೆ, ಹೊಸಬರಿಗೆ ಹಳೆಯ ದೂರು ಗೊತ್ತಿರುವುದಿಲ್ಲ. ನಮೂನೆಯಲ್ಲಿ, ಒಪ್ಪಂದದಲ್ಲಿ, ಬಿಲ್ಲು ಮಾಡುವ ಕಂಪ್ಯೂಟರಿನಲ್ಲಿ ಸೇರಿಕೊಂಡ ಬದಲಾವಣೆ ಮಾತ್ರ ಉಳಿಯಿತು. "ಸಿಬ್ಬಂದಿಗೆ ನೆನಪಿಸಲಾಗುವುದು" ಎಂದು ಉತ್ತರದಲ್ಲಿ ಬರೆದಿದ್ದವು ಯಾವುವೂ ಉಳಿಯಲಿಲ್ಲ. ಔಷಧಿಯ ಹಾಳೆಯಲ್ಲಿ ಸಹಿ ಬಿಟ್ಟುಹೋಗುವುದು ಈಗಲೂ ನಡೆಯುತ್ತಲೇ ಇದೆ. ಅದಕ್ಕೆ ಇನ್ನೊಂದು ಕಾಗದ ಬರೆಯುವುದಿದೆ.

ಆ ಕೇರಳದ ಹುಡುಗಿಯ ಕೆಲಸ ಹೋಗಲಿಲ್ಲ. ರೋಟಾದಲ್ಲಿ ಎರಡು ಮನೆಗಳ ನಡುವೆ ಈಗ ಅಂತರವಿದೆ. ದಿನಕ್ಕೆ ಹೋಗುವ ಮನೆಗಳು ಕಡಿಮೆಯಾಗಿವೆ. ಸಂಬಳದಲ್ಲಿ ಏನಾದರೂ ವ್ಯತ್ಯಾಸವಾಯಿತೇ ಎಂದು ಕೇಳಿದ್ದಕ್ಕೆ ನಕ್ಕಳು, ಉತ್ತರ ಕೊಡಲಿಲ್ಲ.

ಈಗ ಯಾರೂ ಓದದ ಒಂದು ಕಡತದ ಬಗ್ಗೆ. ಅದೇ 2009ರ ನಿಯಮಾವಳಿಯ ಪ್ರಕಾರ ಪ್ರತಿ ಕೌನ್ಸಿಲ್ ವರ್ಷಕ್ಕೊಮ್ಮೆ ಆರೈಕೆಯ ದೂರುಗಳ ವರದಿ ಸಿದ್ಧಪಡಿಸಬೇಕು: ಎಷ್ಟು ಬಂದವು, ಎಷ್ಟರಲ್ಲಿ ಹುರುಳಿತ್ತು, ಎಷ್ಟು ಒಂಬುಡ್ಸ್‌ಮನ್‌ಗೆ ಹೋದವು, ಮತ್ತು ದೂರುಗಳ ಫಲವಾಗಿ ಸೇವೆಯಲ್ಲಿ ಏನನ್ನು ಸುಧಾರಿಸಿದೆವು. ಕೊನೆಯದನ್ನು ಬರೆಯುವುದು ಕೌನ್ಸಿಲ್‌ನ ಮರ್ಜಿಯಲ್ಲ, ಕಡ್ಡಾಯ. ಯಾರು ಬೇಕಾದರೂ ಕೇಳಿ ಪಡೆಯಬಹುದು. ಒಂಬುಡ್ಸ್‌ಮನ್ ಕೂಡ ತಮ್ಮ ತೀರ್ಪುಗಳನ್ನು ದೂರುದಾರರ ಹೆಸರು ಮರೆಮಾಡಿ, ಕೌನ್ಸಿಲ್‌ನ ಹೆಸರು ಮರೆಮಾಡದೆ ಪ್ರಕಟಿಸುತ್ತಾರೆ. ಯಾವ ಕೌನ್ಸಿಲ್ ಏನನ್ನು ಸುಧಾರಿಸಲು ಒಪ್ಪಿತು ಎಂಬುದನ್ನು 2019ರಿಂದ ಊರುವಾರು ತೋರಿಸುತ್ತಿದ್ದಾರೆ. ನಮ್ಮ ಕೌನ್ಸಿಲ್‌ನ ವರದಿ ಆರೈಕೆಯ ಸಮಿತಿಯ ಮುಂದೆ ಬಂದ ದಿನ ನಾನು ಹೋಗಿ ಕುಳಿತಿದ್ದೆ. ಸಾರ್ವಜನಿಕರ ಸಾಲಿನಲ್ಲಿ ನಾನಲ್ಲದೆ ನಾಯಿಯೊಂದಿಗೆ ಬಂದಿದ್ದ ದೃಷ್ಟಿಯಿಲ್ಲದ ಒಬ್ಬ ಯುವಕ ಮಾತ್ರ. ಒಬ್ಬ ಕೌನ್ಸಿಲರ್ ಪ್ರಶ್ನೆ ಕೇಳಿದರು: ಪೂರ್ವ ಭಾಗದ ವಾರ್ಡುಗಳಿಂದ ದೂರುಗಳೇ ಬಂದಿಲ್ಲವಲ್ಲ, ಅಲ್ಲಿ ಸೇವೆ ಅಷ್ಟು ಚೆನ್ನಾಗಿದೆಯೇ? ಅಧಿಕಾರಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಪೂರ್ವ ಭಾಗದ ವಾರ್ಡುಗಳಲ್ಲಿರುವುದು ಹೆಚ್ಚಾಗಿ ನಮ್ಮವರೇ: ಗುಜರಾತಿಗಳು, ಪಂಜಾಬಿಗಳು, ಬಾಂಗ್ಲಾದವರು, ಅಲ್ಲೊಂದು ಇಲ್ಲೊಂದು ಕನ್ನಡದ ಮನೆ. ಅಲ್ಲಿಯ ಮೌನವನ್ನು ಕೌನ್ಸಿಲ್ ತೃಪ್ತಿ ಎಂದು ಬರೆದುಕೊಳ್ಳುತ್ತಿತ್ತು. ಏಜೆನ್ಸಿಗಳಿಗೂ ಇದು ಗೊತ್ತಿರಲಾರದೇ? ಯಾವ ಮನೆಯ ಭೇಟಿಯನ್ನು ಹದಿನೈದು ನಿಮಿಷಕ್ಕೆ ಇಳಿಸಿದರೆ ಫೋನ್ ಬರುವುದಿಲ್ಲ ಎಂದು ತಿಳಿಯಲು ಯಾವ ಸಮೀಕ್ಷೆಯೂ ಬೇಕಿಲ್ಲ.

ನಮ್ಮವರು ದೂರು ಕೊಡದಿರಲು ಕಾರಣಗಳು ನನಗೂ ಗೊತ್ತು. ಬಂದವರ ಕೈಯಲ್ಲಿ ಮೈ ತೊಳೆಸಿಕೊಳ್ಳುವವಳಿಗೆ ಅವರ ಮೇಲೆ ದೂರು ಹೇಳುವುದು ಸುಲಭವಲ್ಲ. ಸಿಟ್ಟು ತೀರಿಸಿಕೊಂಡರೆ ಎಂಬ ಅಂಜಿಕೆ. ಇರುವುದನ್ನೂ ಕಿತ್ತುಕೊಂಡರೆ ಎಂಬ ಅಂಜಿಕೆ. ದೂರು ಕೊಟ್ಟರೆಂದು ಅಗತ್ಯವಿರುವ ಆರೈಕೆಯನ್ನು ಕೌನ್ಸಿಲ್ ನಿಲ್ಲಿಸುವಂತಿಲ್ಲ. ಕಾನೂನಿನ ಪ್ರಕಾರ ಅದು ಅವರ ಕರ್ತವ್ಯ, ಉಪಕಾರವಲ್ಲ. ಇದನ್ನು ಅಕ್ಕನಿಗೆ ಎಷ್ಟು ಹೇಳಿದರೂ ಆಕೆ ಒಪ್ಪಿದ್ದು, ಆ ಹುಡುಗಿಯ ಹೆಸರು ಕಾಗದದಲ್ಲಿ ಬರುವುದಿಲ್ಲ ಎಂದು ನಾನು ಓದಿ ತೋರಿಸಿದ ಮೇಲೆಯೇ.

ಇಲ್ಲಿಯ ಕನ್ನಡ ಸಂಘಗಳು ಯುಗಾದಿ, ದೀಪಾವಳಿಗೆ ಸಭಾಂಗಣ ಹಿಡಿಯುತ್ತವೆ; ಮುಂದಿನ ಸಲ ಮೂಲೆಯಲ್ಲಿ ಒಂದು ಮೇಜು ಹಾಕಿ, ದೂರಿನ ಕಾಗದ ಬರೆದುಕೊಡುವ ಒಬ್ಬರನ್ನು ಕೂರಿಸಲಿ. ಲೆಕ್ಕ ನೋಡುವುದಿದ್ದರೆ ನಾನು ಬರುತ್ತೇನೆ. ಕರ್ನಾಟಕದಲ್ಲಿ ಕುಳಿತು ಈ ಪತ್ರ ಓದುತ್ತಿರುವವರಲ್ಲಿ ಅಕ್ಕನನ್ನೋ ಚಿಕ್ಕಪ್ಪನನ್ನೋ ಇಲ್ಲಿ ಬಿಟ್ಟವರಿದ್ದಾರೆ. ಭಾನುವಾರ ವಿಡಿಯೊ ಕರೆಯಲ್ಲಿ "ಆರಾಮವೇ?" ಎಂದು ಕೇಳಿದರೆ ಆರಾಮ ಎಂದೇ ಅವರು ಹೇಳುತ್ತಾರೆ. ನಿನ್ನೆ ರಾತ್ರಿ ಕೇರರ್ ಎಷ್ಟು ಗಂಟೆಗೆ ಬಂದರು, ಎಷ್ಟು ಗಂಟೆಗೆ ಹೋದರು ಎಂದು ಕೇಳಿ. ಸಾಧ್ಯವಾದರೆ ಫೈಲಿನ ಆ ಪುಟವನ್ನು ಕ್ಯಾಮೆರಾದ ಮುಂದೆ ಹಿಡಿಯಲು ಹೇಳಿ.

ಅಕ್ಕನ ವಿಷಯ ಬಂದಿರುವುದರಿಂದ ನನ್ನ ಹೆಸರು, ಊರು ಪ್ರಕಟಿಸಬೇಡಿ ಎಂದು ಕೋರುತ್ತೇನೆ. ಪತ್ರವನ್ನು ಅಕ್ಕನಿಗೆ ಓದಿ ಹೇಳಿದ್ದೇನೆ; ಶೌಚದ ಭಾಗ ತೆಗೆಯೋ ಎಂದಳು, ಆಮೇಲೆ ಇರಲಿ ಬಿಡು ಎಂದಳು.

ಇಂತಿ,
ನಿಮ್ಮ ಹಳೆಯ ಓದುಗ,
ಮಿಡ್‌ಲ್ಯಾಂಡ್ಸ್, ಇಂಗ್ಲೆಂಡ್